ಗೋಡೆಯ ನಾಗನೂ ರೋಮನರ ಗೃಹದೇವತೆಗಳೂ

ಶ್ರಾವಣ ಶುದ್ಧ ಚತುರ್ಥಿಯಂದು ಬಳ್ಳಾರಿ ಸೀಮೆಯ ಹಳೆಯ ಮಾಳಿಗೆಮನೆಯೊಂದರ ಹೊಸ್ತಿಲು ದಾಟಿದವರ ಕಣ್ಣಿಗೆ ಮೊದಲು ಬೀಳುವುದು ಹೊಸದಾಗಿ ಸುಣ್ಣ ಬಳಿದ ಗೋಡೆ. ಹಿಂದಿನ ದಿನವೇ ರೊಟ್ಟಿ ಪಂಚಮಿ ಕಳೆದು ಒಲೆಯ ಮೇಲಣ ಹೆಂಚು ಕೆಳಗಿಳಿದಿರುತ್ತದೆ. ಹೆಚ್ಚುವುದೂ ಕೊಯ್ಯುವುದೂ ಸುಡುವುದೂ ಆ ದಿನಗಳಲ್ಲಿ ನಿಷಿದ್ಧ. ಮನೆಯ ಹಿರಿಯಳು ಮಿಂದು ಮಡಿಯುಟ್ಟು, ಅರಿಸಿನವನ್ನೋ ಗಂಧವನ್ನೋ ಕೆಮ್ಮಣ್ಣನ್ನೋ ನೀರಿನಲ್ಲಿ ಕಲಸಿ, ಬೆರಳ ತುದಿಯಿಂದ ಆ ಬಿಳುಪಿನ ಮೇಲೆ ನಾಗನನ್ನು ಬರೆಯುತ್ತಾಳೆ. ಎಲ್ಲ ಮನೆಗಳಲ್ಲಿಯೂ ಪದ್ಧತಿ ಒಂದೇ ತೆರನಾಗಿಲ್ಲ. ಕೆಲವರು ಹುತ್ತಕ್ಕೆ ಹೋಗುವರು. ಕೆಲವರು ಅರಳಿಯ ಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವರು. ಕೆಲವರು ಮಣ್ಣಿನಿಂದ ನಾಗಪ್ಪನನ್ನು ಮಾಡಿ ದೇವರ ಜಗುಲಿಯ ಮೇಲಿಡುವರು. ಗೋಡೆಯ ಮೇಲೆ ಬರೆಯುವ ಮನೆತನಗಳಲ್ಲಿ ಆ ಬರೆಹಕ್ಕೆ ಸಲ್ಲುವ ಮರ್ಯಾದೆಯು ಕಲ್ಲಿನ ಮೂರ್ತಿಗೆ ಸಲ್ಲುವುದಕ್ಕಿಂತ ಕಡಿಮೆಯದಲ್ಲ.

ಅಳ್ಳು, ತಂಬಿಟ್ಟು, ಎಳ್ಳಿನ ಉಂಡಿಗಳ ನೈವೇದ್ಯವಾದ ಮೇಲೆ ಹಾಲೆರೆಯುವುದು. ದೇವರ ಪಾಲು, ಗುರುವಿನ ಪಾಲು ಎಂದು ಮೊದಲು ಮಾಡಿ, ಅಪ್ಪನ ಪಾಲು, ಅವ್ವನ ಪಾಲು, ಅಣ್ಣತಮ್ಮಂದಿರ ಪಾಲು, ಗಂಡನ ಮನೆಗೆ ಹೋದ ಅಕ್ಕತಂಗಿಯರ ಪಾಲು, ತೊಟ್ಟಿಲ ಕೂಸಿನ ಪಾಲು ಎಂದು ಮನೆಯವರೆಲ್ಲರನ್ನೂ ಹೆಸರಿಸುತ್ತ ಎರೆಯುವ ವಾಡಿಕೆಯು ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ಉಂಟು. ಒಂದು ಕುಟುಂಬವು ತನ್ನ ಜನಗಣತಿಯನ್ನು ತಾನೇ ನಾಗನ ಮುಂದೆ ಒಪ್ಪಿಸುವಂತೆ ಇದು ತೋರುತ್ತದೆ. ಮರುವರ್ಷ ಅದೇ ಗೋಡೆಗೆ ಮತ್ತೆ ಸುಣ್ಣ. ಹಳೆಯ ನಾಗನು ಸುಣ್ಣದಡಿಗೆ ಸೇರುವನು, ಹೊಸ ನಾಗನು ಮೇಲೆ ಮೂಡುವನು.

ಇದನ್ನು ಚರಿತ್ರೆಯ ವಸ್ತುವೆಂದು ಎಣಿಸಿದವರು ವಿರಳ. ಶಾಸನ, ನಾಣ್ಯ, ದೇವಾಲಯ, ಕೋಟೆ, ಇವು ಚರಿತ್ರೆ. ಮುದುಕಿಯೊಬ್ಬಳು ಅಡಿಗೆಯ ಮನೆಯ ಗೋಡೆಯ ಮೇಲೆ ಎಳೆದ ಎರಡು ಗೆರೆ ಚರಿತ್ರೆಯಲ್ಲ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಇಂಥ ಗೆರೆಗಳೇ ಚರಿತ್ರೆಯ ಅಮೂಲ್ಯವಾದ ಸಾಮಗ್ರಿಯಾಗಿ ಪರಿಣಮಿಸಿರುವ ಊರೊಂದು ಭೂಮಿಯ ಮೇಲೆ ಇದೆ. ಅದು ಇಟಲಿ ದೇಶದ ಪೊಂಪೇಯಿ. ಅಲ್ಲಿಯ ಗೋಡೆಗಳನ್ನು ನೋಡಿ ಬಂದರೆ ಇಲ್ಲಿಯ ಗೋಡೆಗಳ ಬೆಲೆ ತಿಳಿಯುವುದು.

ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯನ್ನು ಕಾರಿದಾಗ ಪೊಂಪೇಯಿ ಪಟ್ಟಣವು ಬೂದಿ ಮತ್ತು ಹಗುರವಾದ ಕಲ್ಲುಗಳ ಅಡಿಯಲ್ಲಿ ಹೂಳಿಹೋಯಿತು. 1748ರಿಂದ ಅದನ್ನು ಅಗೆಯುವ ಕೆಲಸ ನಡೆದಿದೆ. ಬೀದಿ, ಅಂಗಡಿ, ಒಲೆ, ಬೀಸುವ ಕಲ್ಲು, ಒಲೆಯಲ್ಲಿಯೇ ಕರಿಕಾದ ರೊಟ್ಟಿ, ಎಲ್ಲವೂ ಇದ್ದ ಇದ್ದಲ್ಲಿಯೇ ದೊರೆತುವು. ಇವುಗಳೊಡನೆ ಮನೆಮನೆಯ ಗೋಡೆಗಳಲ್ಲಿ ದೇವರ ಗೂಡುಗಳೂ ಚಿತ್ರಗಳೂ ಕಂಡುಬಂದುವು. ವಿಶೇಷವೇನೆಂದರೆ, ಇವುಗಳಲ್ಲಿ ಬಹುಭಾಗವು ಅತಿಥಿಗಳು ಕುಳಿತುಕೊಳ್ಳುತ್ತಿದ್ದ ಅಂದವಾದ ಪಡಸಾಲೆಗಳಲ್ಲಿರದೆ, ಹೊಗೆ ಹಿಡಿದ ಅಡಿಗೆಯ ಕೋಣೆಗಳಲ್ಲಿ ಒಲೆಯ ಸಮೀಪದಲ್ಲಿಯೇ ಇರುವುವು.

1894 ಮತ್ತು 1895ರಲ್ಲಿ ಅಗೆದು ತೆಗೆದ ವೆಟ್ಟಿಯರ ಮನೆಯ ಚಿತ್ರವು ಇವುಗಳಲ್ಲಿ ಸುಪ್ರಸಿದ್ಧವಾದುದು. ಪುಟ್ಟ ದೇಗುಲದ ಆಕಾರದ ಚೌಕಟ್ಟು. ಅದರ ನಡುವೆ ತಲೆಯ ಮೇಲೆ ವಸ್ತ್ರವನ್ನು ಹೊದ್ದು ಆಹುತಿಯನ್ನು ಅರ್ಪಿಸಲು ನಿಂತ ಪುರುಷ. ಇವನೇ ಗೀನಿಯಸ್, ಮನೆಯ ಯಜಮಾನನಲ್ಲಿ ನೆಲೆಸಿ ವಂಶವನ್ನು ಬೆಳೆಯಿಸುವ ಶಕ್ತಿ. ಅವನ ಇಕ್ಕೆಲಗಳಲ್ಲಿ ಗಿಡ್ಡ ಅಂಗಿಯನ್ನು ತೊಟ್ಟು, ಕೊಂಬಿನ ಪಾತ್ರೆಯನ್ನು ಮೇಲೆತ್ತಿ, ಕುಣಿಯುವ ಭಂಗಿಯಲ್ಲಿರುವ ಇಬ್ಬರು ತರುಣರು. ಇವರು ಲಾರೇಸ್ ಎಂಬ ಮನೆಗಾವಲಿನ ದೇವತೆಗಳು. ಇವರ ಪಾದಗಳ ಕೆಳಗೆ, ಗಿಡಗಳ ನಡುವೆ ಮೈಯನ್ನು ಬಳುಕಿಸುತ್ತ ಪೂಜಾಪೀಠದ ಕಡೆಗೆ ಸರಿದು ಬರುತ್ತಿರುವುದೊಂದು ಜುಟ್ಟುಳ್ಳ ಸರ್ಪ. ಪೊಂಪೇಯಿಯ ಇಂಥ ಚಿತ್ರಗಳಲ್ಲಿ ಸರ್ಪವು ಮತ್ತೆ ಮತ್ತೆ ಕಾಣುವುದು. ಕೆಲವೆಡೆ ಒಂದು, ಕೆಲವೆಡೆ ಎರಡು ಎದುರುಬದುರಾಗಿ. ಅದು ಹೆದರಿಸಲು ಬಂದ ಸರ್ಪವಲ್ಲ. ಆ ಸ್ಥಳದ ಒಡೆಯನು ತನಗೆ ಇಟ್ಟ ಮೊಟ್ಟೆಯನ್ನೂ ಹಣ್ಣನ್ನೂ ಸ್ವೀಕರಿಸಲು ಬಂದಿರುವನೆಂದೇ ಅದರ ಅರ್ಥ.

ಬಳ್ಳಾರಿಯ ಗೃಹಿಣಿಗೆ ಈ ಚಿತ್ರವನ್ನು ತೋರಿಸಿದರೆ ಅದರ ತಾತ್ಪರ್ಯವನ್ನು ಅವಳಿಗೆ ಯಾರೂ ವಿವರಿಸಬೇಕಾದುದಿಲ್ಲ. ನೆಲವು ನಾಗನದು, ಮನುಷ್ಯನು ಅದರ ಮೇಲೆ ಮನೆ ಕಟ್ಟಿಕೊಂಡವನು. ಆದುದರಿಂದ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿಯೇ ವಾಸಿಸಬೇಕು ಎಂಬ ಭಾವನೆಯು ಎರಡು ಕಡೆಗಳಲ್ಲಿಯೂ ಒಂದೇ. ಪೊಂಪೇಯಿಯ ಇನ್ನೊಂದು ಮನೆಯ ಅಡಿಗೆಯ ಕೋಣೆಯಲ್ಲಿ ಮತ್ತೂ ಹತ್ತಿರದ ಸಾದೃಶ್ಯವುಂಟು. ಅಲ್ಲಿ ದೇವತೆಗಳ ನಡುವೆ ಆ ಮನೆಯ ಜನರೆಲ್ಲ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಸಾಲಾಗಿ ನಿಂತಿರುವಂತೆ ಚಿತ್ರಿಸಲಾಗಿದೆ. ರೋಮನರು ಕುಟುಂಬವೆಂದಾಗ ಅದರಲ್ಲಿ ಮನೆಯ ದಾಸರೂ ಸೇರುತ್ತಿದ್ದರು. ಯಜಮಾನನ ಔತಣದ ಕೋಣೆಯಲ್ಲಿ ಕುಳಿತುಕೊಳ್ಳಲು ಅರ್ಹತೆಯಿಲ್ಲದವರಿಗೂ ಗೃಹದೇವತೆಯ ಮುಂದೆ ನಿಲ್ಲಲು ಎಡೆಯಿತ್ತು. ಇಲ್ಲಿ ಪಾಲು ಹೇಳಿ ಹಾಲೆರೆಯುವುದೂ ಅಲ್ಲಿ ಸಾಲಾಗಿ ನಿಂತವರನ್ನು ಬರೆಯಿಸುವುದೂ ಒಂದೇ ಕಾರ್ಯದ ಎರಡು ರೀತಿಗಳು: ಒಂದು ಬಾಯಿಯಿಂದ, ಒಂದು ಬಣ್ಣದಿಂದ.

ಇದರಿಂದ ರೋಮನರಿಂದ ಕನ್ನಡಿಗರಾಗಲಿ, ಕನ್ನಡಿಗರಿಂದ ರೋಮನರಾಗಲಿ ಈ ಪದ್ಧತಿಯನ್ನು ಕಲಿತರೆಂದು ಯಾರೂ ಆತುರಪಟ್ಟು ನಿರ್ಣಯಿಸಬಾರದು. ರೋಮದ ವ್ಯಾಪಾರವು ಈ ನಾಡಿನವರೆಗೆ ಮುಟ್ಟಿದ್ದುದು ದಿಟ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿರುವುವು. ಆದರೆ ನಾಣ್ಯವು ಬಂದ ದಾರಿಯಲ್ಲಿ ಅಡಿಗೆಯ ಮನೆಯ ದೇವರೂ ಬಂದನೆಂದು ಹೇಳಲು ಆಧಾರವಿಲ್ಲ. ಒಲೆ, ಧಾನ್ಯ, ಹೊಸ್ತಿಲು, ಮಕ್ಕಳು ಇವುಗಳಿದ್ದಲ್ಲಿ ಇವುಗಳನ್ನು ಕಾಯುವವನೊಬ್ಬನು ಬೇಕೆಂಬ ಅಪೇಕ್ಷೆಯು ತಾನಾಗಿಯೇ ಹುಟ್ಟುವುದು.

ರೋಮನರ ಪೆನಾಟೆಸ್ ಎಂಬ ದೇವತೆಗಳ ಹೆಸರೇ ದವಸದ ಕೋಣೆಯನ್ನು ಸೂಚಿಸುವ ಶಬ್ದಕ್ಕೆ ಸಂಬಂಧಿಸಿದುದು. ಹಗೇವನ್ನೂ ಕಣಜವನ್ನೂ ಕುಂಕುಮವಿಟ್ಟು ಪೂಜಿಸದೆ ತೆರೆಯದ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಕೃಷಿಯನ್ನು ಕುರಿತು ಗ್ರಂಥವನ್ನು ಬರೆದ ಕೇಟೋ ಎಂಬ ರೋಮನ್ ಪಂಡಿತನು ತೋಟದ ಮನೆಯನ್ನು ನೋಡಿಕೊಳ್ಳುವ ಹೆಂಗಸಿನ ಕರ್ತವ್ಯಗಳನ್ನು ಹೇಳುವಾಗ, ಅವಳು ದಿನವೂ ಒಲೆಯ ಸುತ್ತ ಗುಡಿಸಿ ಶುದ್ಧಿಮಾಡಬೇಕೆಂದೂ, ತಿಂಗಳಿನ ನಿಯತವಾದ ದಿನಗಳಲ್ಲಿಯೂ ಹಬ್ಬಗಳಲ್ಲಿಯೂ ಒಲೆಗೆ ಹೂಮಾಲೆಯನ್ನಿಟ್ಟು ಗೃಹದೇವತೆಯನ್ನು ಪ್ರಾರ್ಥಿಸಬೇಕೆಂದೂ ವಿಧಿಸಿರುವನು. ಅಮಾವಾಸ್ಯೆ ಹುಣ್ಣಿಮೆಗಳಂದು ಒಲೆಯನ್ನು ಸಾರಿಸಿ ರಂಗವಲ್ಲಿಯಿಡುವ ಗೃಹಿಣಿಯ ದಿನಚರಿಗೂ ಇದಕ್ಕೂ ಎಷ್ಟು ಅಂತರ!

ಕುರುಗೋಡು ಸೀಮೆಗೆ ಬಂದರೆ ನಾಗನ ವಿಷಯವು ಮನೆಯ ಗೋಡೆಯನ್ನು ಮೀರಿ ಅರಸರ ಧ್ವಜದವರೆಗೆ ಏರುವುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಭಾಗವನ್ನು ಆಳಿದ ಕುರುಗೋಡಿನ ಸಿಂದರು ನಾಗವಂಶದವರೆಂದು ಹೇಳಿಕೊಂಡವರು. ಸಿಂದ ಕುಲದ ಶಾಸನಗಳಲ್ಲಿ ನಾಗಲೋಕದ ಭೋಗಾವತೀ ಪುರದ ಒಡೆಯರೆಂಬ ಬಿರುದೂ ನಾಗಧ್ವಜದ ಪ್ರಸ್ತಾಪವೂ ಬರುವುವು. ಇಂದು ಕುರುಗೋಡಿಗೆ ಹೋದವರು ದೊಡ್ಡಬಸವೇಶ್ವರನ ಬೃಹತ್ತಾದ ಏಕಶಿಲಾ ನಂದಿಯನ್ನು ನೋಡಿ, ಬೆಟ್ಟದ ಮೇಲಣ ಕೋಟೆಯ ಗೋಡೆಗಳನ್ನು ನೋಡಿ ಹಿಂದಿರುಗುತ್ತಾರೆ. ಆ ಕೋಟೆಯ ಒಡೆಯರು ಗತಿಸಿ ಶತಮಾನಗಳಾದುವು. ಅವರ ನಾಗಧ್ವಜದ ಒಂದು ಎಳೆಯೂ ಉಳಿಯಲಿಲ್ಲ. ಆದರೆ ಅದೇ ಊರುಕೇರಿಗಳಲ್ಲಿ ಪಂಚಮಿಯ ದಿನ ನಾಗನಿಗೆ ಹಾಲೆರೆಯುವುದು ನಿಂತಿಲ್ಲ. ಅರಸರ ನಾಗನು ಅರಸರೊಡನೆ ಅಳಿದನು, ಗೃಹಿಣಿಯ ನಾಗನು ಉಳಿದನು. ಚರಿತ್ರೆಯನ್ನು ಅರಸರಿಂದಲೇ ಅಳೆಯುವವರು ಇದನ್ನು ಮನಗಾಣಬೇಕು.

ದೇವರ ಚಿತ್ರವು ಮನೆಯಲ್ಲಿ ಮಾತ್ರವೇ ಇದ್ದುದಲ್ಲ. ಕೆಲಸ ಮಾಡುವ ಎಡೆಯಲ್ಲಿಯೂ ಇದ್ದಿತು. ಪೊಂಪೇಯಿಯ ದೊಡ್ಡ ಬೀದಿಯೊಂದರಲ್ಲಿ ವೆರೆಕುಂದುಸ್ ಎಂಬವನ ಉಣ್ಣೆಯ ಅಂಗಡಿಯಿತ್ತು. ಅದರ ಬೀದಿಯ ಗೋಡೆಯ ಮೇಲೆ ನಾಲ್ಕು ಆನೆಗಳು ಎಳೆಯುವ ರಥದಲ್ಲಿ ವೀನಸ್ ದೇವಿಯು ನಿಂತಿರುವಳು; ವ್ಯಾಪಾರಕ್ಕೆ ಅಧಿದೇವತೆಯಾದ ಮರ್ಕ್ಯುರಿಯೂ ಅಲ್ಲಿರುವನು. ದೇವಿಯ ಕೆಳಗೆ, ಉಣ್ಣೆಯನ್ನು ಹಿಂಜಿ, ಅದುಮಿ, ದಪ್ಪ ಬಟ್ಟೆಯನ್ನು ಮಾಡುತ್ತಿರುವ ಕೆಲಸಗಾರರನ್ನೇ ಚಿತ್ರಿಸಲಾಗಿದೆ. ಮೇಲೆ ದೇವಿ, ಕೆಳಗೆ ದುಡಿಮೆ; ನಡುವೆ ಬೇರೆ ಏನೂ ಇಲ್ಲ. ಅಲ್ಲಿಯ ರೊಟ್ಟಿ ಸುಡುವವರು ತಮ್ಮ ಗೋಡೆಗಳಲ್ಲಿ ಅಗ್ನಿಯ ದೇವತೆಯಾದ ವೆಸ್ತಾಳನ್ನು ಬರೆಯಿಸುತ್ತಿದ್ದರು. ಜೂನ್ ತಿಂಗಳ 9ನೆಯ ದಿನ ಅವಳ ಹಬ್ಬ. ಅಂದು ಬೀಸುವ ಕಲ್ಲುಗಳಿಗೂ ಅವನ್ನು ತಿರುಗಿಸುವ ಕತ್ತೆಗಳಿಗೂ ಹೂಮಾಲೆಯನ್ನು ಹಾಕಿ ಕೆಲಸಕ್ಕೆ ಬಿಡುವು ಕೊಡುತ್ತಿದ್ದರು.

ಕಾರಹುಣ್ಣಿಮೆಯಂದು ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕೊರಳಿಗೆ ಮಾಲೆ ಹಾಕುವ ಈ ಸೀಮೆಯವರಿಗೆ ಆ ಹಬ್ಬದ ಅರ್ಥವು ಸುಲಭವಾಗಿ ತಿಳಿಯುವುದು. ಮಹಾನವಮಿಯಲ್ಲಿ ಗಾಣಿಗನ ಗಾಣ, ಕಮ್ಮಾರನ ತಿದಿ, ಕಂಬಳಿ ನೇಯುವವನ ಮಗ್ಗ, ಇವೆಲ್ಲ ವಿಭೂತಿ ಕುಂಕುಮಗಳನ್ನು ಪಡೆಯುವುವು. ದೀಪಾವಳಿಯ ಅಮಾವಾಸ್ಯೆಯಂದು ಬಳ್ಳಾರಿಯ ಅಂಗಡಿಗಳಲ್ಲಿ ಶ್ರೀಕಾರವನ್ನೂ ಸ್ವಸ್ತಿಕವನ್ನೂ ಬರೆದು ಲೆಕ್ಕದ ಪುಸ್ತಕಗಳನ್ನು ಪೂಜಿಸುವುದು ರೂಢಿ. ಸಿರುಗುಪ್ಪದ ಅಕ್ಕಿಯ ಗಿರಣಿಗಳಲ್ಲಿಯೂ ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಗಳಲ್ಲಿಯೂ ಯಂತ್ರಗಳು ಹೊಸವಾದರೂ ಅವುಗಳ ಹಣೆಗೆ ಇಡುವ ಬೊಟ್ಟು ಹಳೆಯದೇ. ವೆರೆಕುಂದುಸನಿಗೆ ಉಣ್ಣೆಯ ಕೆಲಸವೂ ದೇವಿಯ ರಥವೂ ಒಂದೇ ಗೋಡೆಗೆ ಸೇರಿದ್ದಂತೆ ಇಲ್ಲಿಯೂ ದುಡಿಮೆಯನ್ನೂ ದೈವವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇರಿಸಿಲ್ಲ.

ದುಡಿಯುವ ಎಡೆಯಲ್ಲಿಯೇ ಚಿತ್ರವನ್ನು ಮೂಡಿಸುವ ಅಭ್ಯಾಸವು ಈ ಜಿಲ್ಲೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬಳ್ಳಾರಿ ನಗರದ ಸಮೀಪದಲ್ಲಿಯೇ ಸಾಕ್ಷ್ಯವುಂಟು. ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ಬಳಿಯ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನರು ಕರಿಯ ಕಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಅದು ದೊಡ್ಡದೊಂದು ಕಾರ್ಯಾಗಾರವಾಗಿತ್ತು. ಕಲ್ಲಿನ ಚೂರುಗಳು ಅಲ್ಲಿ ರಾಶಿರಾಶಿಯಾಗಿ ಬಿದ್ದಿರುವುವು. ಅದೇ ಕರಿಯ ಕಲ್ಲಿನ ಸಾಲಿನ ಬಂಡೆಗಳ ಮೇಲೆ ಇಣಿಯುಳ್ಳ, ಉದ್ದ ಕೊಂಬಿನ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಇವುಗಳ ಸಂಗತಿಯು 1892ರಲ್ಲಿ ಫಾಸೆಟ್ ಎಂಬ ಆಂಗ್ಲ ವಿದ್ವಾಂಸರ ಲೇಖನದಿಂದ ಹೊರಗಿನ ಲೋಕಕ್ಕೆ ತಿಳಿಯಿತು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ಹೊಡೆದರೆ ಗಂಟೆಯಂತೆ ನಾದವು ಹೊರಡುವುದು. ನಾದವೂ ಚಿತ್ರವೂ ಕೂಡಿ ಯಾವುದೋ ಆಚರಣೆಗೆ ಸೇರಿದ್ದುವೆಂದು ಈಚಿನ ಸಂಶೋಧಕರು ಊಹಿಸಿರುವರು. ಊಹೆಯು ಊಹೆಯೇ ಸರಿ. ಆದರೆ ಕೊಡಲಿಯನ್ನು ಮಾಡುವ ಕಲ್ಲೂ ಚಿತ್ರವನ್ನು ಧರಿಸಿದ ಕಲ್ಲೂ ಒಂದೇ ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿಯೂ ಇದೇ ಯುಗದ ವಸತಿಯಿತ್ತು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಅಲ್ಲಿ ನಡೆಸಿದ ಅಗೆತದಲ್ಲಿ ದುಂಡನೆಯ ಗುಡಿಸಲುಗಳ ನೆಲೆಗಳು ದೊರೆತುವು. ಸುತ್ತಣ ಬಂಡೆಗಳಲ್ಲಿ ಗೂಳಿಗಳ ರೂಪಗಳು ಉಳಿದಿರುವುವು. ಗುಡಿಸಲಿನ ಗೋಡೆಗಳು ಮಾತ್ರ ಮಣ್ಣಿಗೆ ಸೇರಿಹೋದುವು. ಆ ಗೋಡೆಗಳ ಮೇಲೆ ಆ ಕಾಲದ ತಾಯಂದಿರು ಏನನ್ನಾದರೂ ಬರೆಯುತ್ತಿದ್ದರೆ ಅದನ್ನು ಹೇಳಬಲ್ಲವರು ಈಗ ಯಾರೂ ಇಲ್ಲ. ಬಂಡೆಯ ಮೇಲಿನದು ಉಳಿಯುವುದು, ಮಣ್ಣಿನ ಮೇಲಿನದು ಅಳಿಯುವುದು. ಆದುದರಿಂದಲೇ ಚರಿತ್ರೆಯಲ್ಲಿ ಗಂಡಸರ ಉಳಿಯ ಗುರುತು ಹೆಚ್ಚು, ಹೆಂಗಸರ ಬೆರಳಿನ ಗುರುತು ಕಡಿಮೆ.

ಶಾಸ್ತ್ರಗಳು ಈ ವಿಷಯದಲ್ಲಿ ಏನು ಹೇಳುತ್ತವೆಂಬುದನ್ನೂ ವಿಚಾರಿಸಬೇಕು. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವುಂಟು. ಗೃಹಸ್ಥರ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳನ್ನು ಮಾತ್ರ ಬರೆಯಬೇಕೆಂದೂ, ಎಲ್ಲ ರಸಗಳಿಗೂ ದೇವಾಲಯ ಮತ್ತು ಅರಮನೆಗಳಲ್ಲಿ ಎಡೆಯುಂಟೆಂದೂ ಅದು ಹೇಳುವುದು. ನಿಧಿಗಳು, ಋಷಿಗಳು, ಗರುಡ, ಹನುಮಂತ ಮತ್ತು ಲೋಕದಲ್ಲಿ ಮಂಗಳಕರವೆಂದು ಪ್ರಸಿದ್ಧವಾದುವು ಮನೆಯ ಗೋಡೆಗೆ ಯೋಗ್ಯವೆಂಬುದು ಅದರ ಮತ. ಆದರೆ ಅಲ್ಲಿಯೇ ಇನ್ನೊಂದು ನಿಷೇಧವಿದೆ: ತನ್ನ ಮನೆಯಲ್ಲಿ ತಾನೇ ಚಿತ್ರಕರ್ಮವನ್ನು ಮಾಡಬಾರದು. ಹಾಗಾದರೆ ತನ್ನ ಮನೆಯ ಗೋಡೆಯ ಮೇಲೆ ತನ್ನ ಕೈಯಿಂದಲೇ ನಾಗನನ್ನು ಬರೆಯುವ ಗೃಹಿಣಿಯು ಶಾಸ್ತ್ರವನ್ನು ಉಲ್ಲಂಘಿಸಿದವಳೇ?

ಈ ಪ್ರಶ್ನೆಗೆ ಸಮಾಧಾನವು ಕನ್ನಡ ನಾಡಿನ ಅರಸನೊಬ್ಬನ ಗ್ರಂಥದಿಂದಲೇ ಹೊರಡುವಂತಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೆ ವಿಸ್ತಾರವಾದ ಪ್ರಕರಣವಿದೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವನ್ನು ಮಾಡುವ ಬಗೆ, ಅದನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಗೋಡೆಗೆ ಬಳಿಯುವ ಕ್ರಮ, ಬಣ್ಣಗಳ ಸಿದ್ಧತೆ, ಇವೆಲ್ಲ ಅಲ್ಲಿ ಹೇಳಲ್ಪಟ್ಟಿವೆ. ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವಚಿತ್ರ, ರಸಚಿತ್ರ, ಧೂಳಿಚಿತ್ರ ಎಂದು ವಿಂಗಡಿಸುವಾಗ ಸೋಮೇಶ್ವರನು ಒಣಗಿದ ಬಣ್ಣದ ಪುಡಿಗಳಿಂದ ರಚಿಸುವುದನ್ನು, ಎಂದರೆ ರಂಗವಲ್ಲಿಯ ಜಾತಿಯದನ್ನು, ಕೈಬಿಡಲಿಲ್ಲ. ಚಕ್ರವರ್ತಿಯ ದೃಷ್ಟಿಯಲ್ಲಿ ಅಂಗಳದ ರಂಗವಲ್ಲಿಯೂ ಚಿತ್ರವೇ. ಹೀಗಿರುವಾಗ ಚಿತ್ರಸೂತ್ರದ ನಿಷೇಧವು ವೃತ್ತಿಯ ಚಿತ್ರಗಾರನ ಕರ್ಮಕ್ಕೆ ಸಂಬಂಧಿಸಿದುದೆಂದೂ, ಗೃಹಿಣಿಯ ಬರೆಹವು ವ್ರತದ ಅಂಗವಾದುದರಿಂದ ಅದಕ್ಕೆ ಆ ನಿಷೇಧವು ತಗಲದೆಂದೂ ಇಟ್ಟುಕೊಳ್ಳುವುದು ಯುಕ್ತವಾಗಿ ತೋರುವುದು. ಅವಳು ಬರೆಯುವುದು ನೋಡುವುದಕ್ಕಲ್ಲ, ಪೂಜಿಸುವುದಕ್ಕೆ; ಉಳಿಸುವುದಕ್ಕಲ್ಲ, ಮರುವರ್ಷ ಮತ್ತೆ ಬರೆಯುವುದಕ್ಕೆ.

ಈ ಮರಳಿ ಬರೆಯುವುದರಲ್ಲಿಯೇ ವಿಷಯದ ತಿರುಳು ಅಡಗಿದೆ. ಏಜಿಯನ್ ಸಮುದ್ರದ ಡೆಲೋಸ್ ದ್ವೀಪದಲ್ಲಿ ಕ್ರಿ. ಪೂ. ಎರಡನೆಯ ಮತ್ತು ಒಂದನೆಯ ಶತಮಾನಗಳಲ್ಲಿ ಇಟಲಿಯ ವರ್ತಕರು ನೆಲೆಸಿದ್ದರು. ಅವರು ತಮ್ಮ ಮನೆಗಳ ಬಾಗಿಲ ಹೊರಗೆ ಪೂಜಾಪೀಠಗಳನ್ನು ಕಟ್ಟಿ, ಪಕ್ಕದ ಗೋಡೆಗಳಲ್ಲಿ ಗೃಹದೇವತೆಗಳನ್ನೂ ಪೂಜೆಯ ದೃಶ್ಯಗಳನ್ನೂ ಬರೆಯಿಸುತ್ತಿದ್ದರು. ಅಗೆದು ನೋಡಿದವರಿಗೆ ಅಲ್ಲಿ ಕಂಡುದು ಒಂದು ಚಿತ್ರವಲ್ಲ. ಗಾರೆಯ ಪದರದ ಮೇಲೆ ಪದರ, ಪದರಪದರಕ್ಕೂ ಚಿತ್ರ. ಹಬ್ಬವು ಬಂದಾಗ ಹಳೆಯದನ್ನು ಮುಚ್ಚಿ ಹೊಸದನ್ನು ಬರೆಯುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಯಿತು. ರೋಮನರಿಗೂ ಆ ಚಿತ್ರವು ಶಾಶ್ವತವಾದ ಅಲಂಕಾರವಾಗಿರಲಿಲ್ಲ. ಅದು ಕಾಲಕಾಲಕ್ಕೆ ಸಲ್ಲಿಸುವ ಸೇವೆಯಾಗಿತ್ತು. ಬಳ್ಳಾರಿಯ ಹಳೆಯ ಮನೆಯ ಗೋಡೆಯೂ ಹಾಗೆಯೇ. ಅಲ್ಲಿ ಸುಣ್ಣದ ಪದರಗಳೆಷ್ಟೋ ನಾಗರೂ ಅಷ್ಟೇ. ಅಜ್ಜಿಯ ನಾಗನ ಮೇಲೆ ತಾಯಿಯ ನಾಗ, ತಾಯಿಯ ನಾಗನ ಮೇಲೆ ಸೊಸೆಯ ನಾಗ.

ಪೊಂಪೇಯಿಯ ಚಿತ್ರಗಳು ಉಳಿದುದು ಆ ಊರು ಸತ್ತುದರಿಂದ. ಕಡೆಯ ಬಾರಿ ಬರೆದುದರ ಮೇಲೆ ಸುಣ್ಣ ಬಳಿಯಲು ಮರುವರ್ಷ ಯಾರೂ ಉಳಿದಿರಲಿಲ್ಲ. ಈ ಸೀಮೆಯ ಚಿತ್ರಗಳು ಅಳಿಯುತ್ತ ಬಂದುದು ಮನೆಗಳು ಬದುಕಿದ್ದುದರಿಂದ. ಅಳಿಸುವುದು ಇಲ್ಲಿ ನಾಶವಲ್ಲ. ಅದು ಪದ್ಧತಿಯ ಉಸಿರು. ಹೀಗಾಗಿ ಸತ್ತ ಊರಿನ ಗೃಹದೇವತೆಗಳನ್ನು ಕುರಿತು ಗ್ರಂಥಗಳು ಹುಟ್ಟಿದುವು. ಬದುಕಿದ ಊರುಗಳ ಗೃಹದೇವತೆಗಳನ್ನು ಕುರಿತು ಬರೆದುದು ಅತ್ಯಲ್ಪ. ಎಲ್ಲಿಯವರೆಗೆ ಮರಳಿ ಬರೆಯುವ ಕೈಯಿತ್ತೋ ಅಲ್ಲಿಯವರೆಗೆ ಇದರಿಂದ ಹಾನಿಯಿರಲಿಲ್ಲ. ಆ ಕೈಯು ನಿಂತರೆ ಗತಿಯೇನೆಂಬುದೇ ಈಗಿನ ಪ್ರಶ್ನೆ.

ರೋಮನರಲ್ಲಿ ಆ ಕೈಯನ್ನು ನಿಲ್ಲಿಸಿದುದು ರಾಜಶಾಸನ. ಕ್ರಿ. ಶ. 392ರ ನವೆಂಬರ್ 8ರಂದು ಥಿಯೊಡೋಸಿಯಸ್ ಚಕ್ರವರ್ತಿಯು ಹೊರಡಿಸಿದ ಶಾಸನವು ಗೃಹದೇವತೆಗೆ ಬೆಂಕಿಯನ್ನೂ, ಗೀನಿಯಸ್ಸಿಗೆ ಮದ್ಯವನ್ನೂ, ಪೆನಾಟೆಸರಿಗೆ ಧೂಪವನ್ನೂ ಅರ್ಪಿಸಕೂಡದೆಂದು, ದೀಪವನ್ನು ಹಚ್ಚಕೂಡದೆಂದು, ಮಾಲೆಯನ್ನು ತೂಗುಹಾಕಕೂಡದೆಂದು ವಿಧಿಸಿತು. ಧೂಪ ಹಾಕಿದ ಮನೆಯನ್ನೇ ಮುಟ್ಟುಗೋಲು ಹಾಕಿಕೊಳ್ಳುವುದು ಶಿಕ್ಷೆ. ದೊಡ್ಡ ದೇವಾಲಯಗಳನ್ನು ಮುಚ್ಚಿದರೆ ಸಾಲದು, ಅಡಿಗೆಯ ಮನೆಯ ಗೋಡೆಯವರೆಗೂ ಹೋಗಬೇಕು ಎಂದು ಚಕ್ರವರ್ತಿಗೆ ತೋರಿತು. ಆ ಪುಟ್ಟ ಗೂಡುಗಳ ಬಲವೆಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈ ನಾಡಿನಲ್ಲಿ ಅಂಥ ಶಾಸನವೇನೂ ಹೊರಡಲಿಲ್ಲ. ಬದಲಾವಣೆಯು ಮೆಲ್ಲಗೆ, ಸಂತೋಷದಿಂದಲೇ ಬಂದಿತು. ವೆಟ್ಟಿಯರ ಮನೆಯನ್ನು ಅಗೆಯುತ್ತಿದ್ದ 1894ರಲ್ಲಿಯೇ ರಾಜಾ ರವಿವರ್ಮನು ಮುಂಬಯಿಯಲ್ಲಿ ಬಣ್ಣದ ಚಿತ್ರಗಳ ಮುದ್ರಣಾಲಯವನ್ನು ಸ್ಥಾಪಿಸಿದನು. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆಯನ್ನು ಹಿಡಿದ ಸರಸ್ವತಿ ದೇಶದ ಮನೆಮನೆಯ ಗೋಡೆಗಳನ್ನು ಏರಿದರು. ಇದರಿಂದಾದ ಉಪಕಾರವನ್ನು ಮರೆಯತಕ್ಕದ್ದಲ್ಲ. ದೇವಾಲಯದ ಬಾಗಿಲನ್ನು ದಾಟಲು ಅವಕಾಶವಿಲ್ಲದ ಜನರಿಗೂ ದೇವರು ಅಲ್ಪ ಬೆಲೆಗೆ ಮನೆಗೆ ಬಂದನು. ಆದರೆ ಅಚ್ಚಿನ ಲಕ್ಷ್ಮಿಯನ್ನು ವರ್ಷಕ್ಕೊಮ್ಮೆ ಬರೆಯಬೇಕಾಗಿರಲಿಲ್ಲ; ಮೊಳೆ ಹೊಡೆದು ತೂಗುಹಾಕಿದರೆ ಸಾಕಾಯಿತು. ಅನಂತರ ಸಿಮೆಂಟು ಬಂದಿತು, ಎಣ್ಣೆಯ ಬಣ್ಣ ಬಂದಿತು, ಈಗ ನುಣುಪಾದ ಟೈಲ್ಸು ಬಂದಿದೆ. ಅದರ ಮೇಲೆ ಅರಿಸಿನವು ನಿಲ್ಲದು. ನಿಂತರೂ ಕಲೆಯಾಯಿತೆಂದು ಮನೆಯವರೇ ಒರಸುವರು. ಪಂಚಮಿಯ ಮುನ್ನಾದಿನ ಪೇಟೆಯಲ್ಲಿ ಅಚ್ಚಾದ ನಾಗನ ಕಾಗದವು ದೊರೆಯುವುದು. ಪೂಜೆಯು ನಡೆಯುವುದು, ಹಾಲೂ ಬೀಳುವುದು. ಬೆರಳು ಮಾತ್ರ ಗೆರೆಯನ್ನು ಮರೆಯುವುದು.

ಗೆರೆಯನ್ನು ಮರೆತರೆ ಆದ ನಷ್ಟವೇನು, ಭಕ್ತಿಯಿದ್ದರೆ ಸಾಲದೆ ಎಂದು ಕೇಳುವವರುಂಟು. ಇದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಆ ಗೆರೆಯೊಡನೆ ಹೋಗುವುದು ಗೆರೆಯೊಂದೇ ಅಲ್ಲ. ಯಾವ ಗೋಡೆ, ಯಾವ ದಿಕ್ಕು, ಎಷ್ಟು ಹೆಡೆ, ಒಂದು ನಾಗನೋ ಜೋಡಿ ನಾಗನೋ, ಯಾವ ಮಣ್ಣು, ಯಾವ ಬೆರಳು, ಯಾವ ಕ್ರಮದಲ್ಲಿ ಯಾರ ಯಾರ ಪಾಲು, ಇವು ಒಂದೊಂದು ಮನೆತನದಲ್ಲಿ ಒಂದೊಂದು ಬಗೆ. ತವರಿನಿಂದ ಗಂಡನ ಮನೆಗೆ ಬಂದ ಸೊಸೆಯು ಅತ್ತೆಯ ಕೈಯನ್ನು ನೋಡಿ ಕಲಿತುದು ಇದು. ತನ್ನ ತವರಿನ ಬಗೆಯನ್ನೂ ಅದರಲ್ಲಿ ಗುಟ್ಟಾಗಿ ಬೆರಸಿದುದು ಇದು. ಕುಟುಂಬವು ಯಾವ ಊರಿನಿಂದ ಬಂದಿತು, ಯಾರೊಡನೆ ನಂಟು ಬೆಳೆಸಿತು ಎಂಬುದು ಓಲೆಯಲ್ಲಿಲ್ಲದಿದ್ದರೂ ಈ ಬರೆಹದ ರೀತಿಯಲ್ಲಿ ಉಳಿದಿರುವುದುಂಟು. ಮಲೆನಾಡಿನ ಸಾಗರ ಸೀಮೆಯ ದೀವರ ಹೆಂಗಸರು ಪುಂಡಿಯ ನಾರಿನ ಕುಂಚದಿಂದ ಬರೆಯುವ ಹಸೆಚಿತ್ತಾರವನ್ನು ವಿದ್ವಾಂಸರು ಗುರುತಿಸಿ ದಾಖಲೆ ಮಾಡಿದುದರಿಂದ ಅದಕ್ಕೆ ಲೋಕದ ಮನ್ನಣೆ ದೊರೆಯಿತು. ಬಯಲುಸೀಮೆಯ ಗೋಡೆಗಳಿಗೆ ಇನ್ನೂ ಅಂಥ ಅದೃಷ್ಟವು ಒದಗಿಲ್ಲ.

ಬಂಡೆಯ ಮೇಲಿನದೂ ನಿರ್ಭಯವಾಗಿಲ್ಲ. ಹಿರೇಗುಡ್ಡದ ಆಸುಪಾಸಿನಲ್ಲಿ ಕಲ್ಲಿನ ಗಣಿಗಾರಿಕೆಯಿಂದ ಚಿತ್ರಗಳಿಗೆ ಒದಗಿದ ಅಪಾಯವನ್ನು ಸಂಶೋಧಕರು ಹಲವು ಬಾರಿ ಎತ್ತಿ ಹೇಳಿರುವರು. ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ಸಂಗನಕಲ್ಲಿನ ಪುರಾತತ್ತ್ವ ವಸ್ತುಸಂಗ್ರಹಾಲಯವು ಏರ್ಪಟ್ಟಿರುವುದು ಸಮಾಧಾನದ ಸಂಗತಿ. ಆದರೆ ಕೊಡಲಿಯನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು; ಪಂಚಮಿಯ ಗೋಡೆಯನ್ನು ಇಡಲಾಗದು. ಅದನ್ನು ಅದು ಇರುವಲ್ಲಿಯೇ, ಅದನ್ನು ಬರೆಯುವವರು ಇರುವಾಗಲೇ ಬರೆದುಕೊಳ್ಳಬೇಕು.

ಈ ಕೆಲಸಕ್ಕೆ ಹೆಚ್ಚಿನ ಹಣವಾಗಲಿ ದೊಡ್ಡ ಪಾಂಡಿತ್ಯವಾಗಲಿ ಬೇಕಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಒಂದೊಂದು ಕೇರಿಯಲ್ಲಿ ಓದುಬಲ್ಲ ತರುಣತರುಣಿಯರು ತಮ್ಮ ಮನೆಯ ಅಜ್ಜಿಯ ಬಳಿ ಪಂಚಮಿಯ ದಿನ ಕುಳಿತು, ಅವಳು ಬರೆದುದನ್ನು ನಕಲು ತೆಗೆದು, ಹೇಳಿದುದನ್ನು ಅವಳ ಮಾತಿನಲ್ಲಿಯೇ ಬರೆದುಕೊಂಡರೆ ಮೂರು ನಾಲ್ಕು ವರ್ಷಗಳಲ್ಲಿ ಈ ಜಿಲ್ಲೆಯ ಗೃಹಚಿತ್ರಗಳ ಚರಿತ್ರೆಗೆ ಬೇಕಾದ ಸಾಮಗ್ರಿಯೆಲ್ಲ ಕೂಡುವುದು. ಅಂಗಡಿ, ಗಿರಣಿ, ಮಗ್ಗ, ಕುಲುಮೆಗಳ ಗೋಡೆಗಳನ್ನೂ ಬಿಡಬಾರದು. ಹಳೆಯ ಮನೆಯನ್ನು ಕೆಡಹುವಾಗ ಗೋಡೆಯ ಸುಣ್ಣದ ಒಂದು ಹೆಕ್ಕಳಿಕೆಯನ್ನು ಕೈಗೆತ್ತಿಕೊಂಡು ಅದರ ಅಂಚನ್ನು ನೋಡಬೇಕು. ಬಿಳಿಯ ಪದರಗಳ ನಡುವೆ ಅಲ್ಲಲ್ಲಿ ಕೂದಲೆಳೆಯಷ್ಟು ಹಳದಿಯೋ ಕೆಂಪೋ ಕಂಡರೆ ಅದು ಕೊಳೆಯಲ್ಲ. ಅದು ಆ ಮನೆಯಲ್ಲಿ ಬಾಳಿ ಹೋದ ಹೆಂಗಸರು ಹೆಸರಿಲ್ಲದೆ ಬರೆದಿಟ್ಟ ಬಖೈರು.